ಯಾರೂ ಹೇಳದ ಮಾತು

ಆಸ್ಪತ್ರೆಯಿಂದ ತುರ್ತು ಕರೆ ಬಾರದೆ ಹೋಗಿದ್ದರೆ ಆ ಬಾಗಿಲು ಮರುದಿನದವರೆಗೂ ತೆರೆಯುತ್ತಿರಲಿಲ್ಲ.

ಅಂದು ಲಾಂಡ್ರಿಗೆ ವಾರದ ರಜೆ. ಯಂತ್ರಗಳೆಲ್ಲ ತೆಪ್ಪಗಿರಬೇಕಾದ ದಿನ. ಆದರೆ ಮಧ್ಯಾಹ್ನ ಆಸ್ಪತ್ರೆಯವರು, ಹಾಸಿಗೆಗೆ ಹೊದಿಸಲು ಬಟ್ಟೆ ಸಾಲದೆಂದು ವ್ಯಾನು ಕಳಿಸಿಬಿಟ್ಟರು. ಹಾಸ್ಟೆಲಿನ ವಾರ್ಡನಮ್ಮನಿಂದ ಕೀಲಿ ಇಸಿದುಕೊಂಡು ಗುಂಡಿಯಕ್ಕ ಹೊರಟಳು. ರೋಗಿಗಳ ಅಂಗಿಗೆ ಗುಂಡಿ ಹೊಲಿಯುವುದು ಅವಳ ಕೆಲಸ. ಹೆಸರೂ ಅಲ್ಲಿಂದಲೇ ಅಂಟಿಕೊಂಡಿತ್ತು. ಕೈಜೋಡಿಸಲು ಪ್ರಶ್ನೆಯಕ್ಕನೂ ಜೊತೆಗೆ ನಡೆದಳು.

ಹಾಸ್ಟೆಲಿನ ಹಿಂದೆಯೇ ಲಾಂಡ್ರಿ. ಒಳಗೆ ಕಾಲಿಟ್ಟಾಗ ಗುಯ್ ಎನ್ನುವ ಸದ್ದು ಕೇಳಿಸಿತು.

"ರಜಾ ದಿನ ಯಂತ್ರ ಯಾರು ಹಾಕಿದ್ರು?" ಗುಂಡಿಯಕ್ಕ ಹುಬ್ಬು ಗಂಟಿಕ್ಕಿದಳು.

ಸದ್ದು ಬರುತ್ತಿದ್ದದ್ದು ಒಣಗಿಸುವ ಕೋಣೆಯಿಂದ. ಒಗೆದ ಬಟ್ಟೆಯನ್ನು ಗಾಡಿಗಟ್ಟಲೆ ಒಳಗೆ ತಳ್ಳಿ, ಬಿಸಿಗಾಳಿ ಬಿಟ್ಟು ಒಣಗಿಸುವ ತಗಡಿನ ಕೋಣೆ ಅದು. ಗುಂಡಿಯಕ್ಕ ಹೊರಗೋಡೆಯ ಸ್ವಿಚ್ಚು ಕೆಳಗೆಳೆದಳು. ಬಾಗಿಲಿನ ಅಗುಳಿ ಬಲವಾಗಿ ಕೂತಿತ್ತು. ಒದ್ದರೆ ಮಾತ್ರ ಮಾತು ಕೇಳುವ ಅಗುಳಿ. ಪ್ರಶ್ನೆಯಕ್ಕ ಒದ್ದಳು.

ಬಿಸಿಗಾಳಿ ಮುಖಕ್ಕೆ ರಾಚಿತು.

ಬಾಗಿಲ ಬುಡದಲ್ಲೇ ಒಬ್ಬಳು ಮುದುಡಿ ಬಿದ್ದಿದ್ದಳು. ಕೆನ್ನೆ ನೆಲಕ್ಕೊತ್ತಿತ್ತು. ಸಂದಿಯಿಂದ ಬರುವಷ್ಟು ತಣ್ಣನೆ ಗಾಳಿಗಾಗಿ ಬಾಯನ್ನು ಅಲ್ಲಿಗೇ ಹಿಡಿದಿದ್ದಳು. ಉಗುರುಗಳು ಮುರಿದಿದ್ದವು. ಸುರುಳಿ ಕೂದಲು ಬೆವರಿಗೆ ಹಣೆಗಂಟಿತ್ತು.

"ಅಯ್ಯೋ, ಗುಂಗುರು!" ಗುಂಡಿಯಕ್ಕ ಅವಳ ತಲೆ ಎತ್ತಿ ಹಿಡಿದಳು.

ಪ್ರಶ್ನೆಯಕ್ಕ ಮೂಗಿನ ಹತ್ತಿರ ಕೈ ಹಿಡಿದಳು. ಉಸಿರಿತ್ತು. ಇದ್ದೂ ಇಲ್ಲದ ಹಾಗೆ.

ಬಟ್ಟೆ ಒಯ್ಯಲು ಬಂದ ವ್ಯಾನು ಗುಂಗುರುವನ್ನು ಒಯ್ದಿತು.

* * *

"ಅಗುಳಿ ಹೊರಗೆ. ಸ್ವಿಚ್ಚೂ ಹೊರಗೆ. ತಾನಾಗಿ ಸಿಕ್ಕಿಹಾಕಿಕೊಂಡಿದ್ದಲ್ಲ, ಯಾರೋ ಸಿಕ್ಕಿಸಿದ್ದು," ಎಂದರು ಇನ್ಸ್‌ಪೆಕ್ಟರ್.

ದೊಡ್ಡ ಆಳು, ಸಣ್ಣ ದನಿ. ಮಾತಾಡುವಾಗ ಎದುರಿನವರ ಮುಖ ನೋಡದೆ ಕೈ ನೋಡುವ ಅಭ್ಯಾಸ. ಪ್ರಶ್ನೆಯಕ್ಕ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡಳು.

"ಲಾಂಡ್ರಿ ಕೀಲಿ ಒಂದು ಯಜಮಾನರ ಹತ್ರ. ಇನ್ನೊಂದು ಈ ಹಾಸ್ಟೆಲ್ ಆಫೀಸಿನ ಮೊಳೆಗೆ. ಹಾಸ್ಟೆಲ್ ಗ್ರಿಲ್ಲಿನ ಕೀಲಿ ವಾರ್ಡನ್ ಸೊಂಟದಲ್ಲಿ, ಇನ್ನೊಂದು ಸಂಸ್ಥೆಯ ಕಾರ್ಯದರ್ಶಿ, ನಿಮ್ಮ ಅಮ್ಮನೋರ ಹತ್ರ. ಸರಿ. ಈಗ ನಿನ್ನೆ ಮೀಟಿಂಗಿನ ವಿಷಯ ಹೇಳಿ. ಗಲಾಟೆ ಆಯ್ತಂತೆ?"

ಪ್ರಶ್ನೆಯಕ್ಕ ಹೆದರಿದ್ದದ್ದೂ ಇದೇ ಪ್ರಶ್ನೆಗೆ.

ಅವಳ ಕಸುಬು ಮೌಲ್ಯಮಾಪನ. ಯಾವುದಾದರೂ ಕಾರ್ಯಕ್ರಮ ನಡೆಯುತ್ತಿದ್ದರೆ, ಅದರಿಂದ ಜನರಿಗೆ ನಿಜವಾಗಿ ಏನಾಯಿತೆಂದು ಅವರನ್ನೇ ಕೇಳಿ ತಿಳಿಯುವುದು. ದಿಕ್ಕಿಲ್ಲದ ಹೆಂಗಸರಿಗೆ ಒಂದು ವರ್ಷ ಕೆಲಸ ಕಲಿಸಿ, ಇರಲು ಜಾಗ ಕೊಟ್ಟು, ಆಮೇಲೆ ಹೊರಗಿನ ಲೋಕಕ್ಕೆ ಕಳಿಸುವ ಕಾರ್ಯಕ್ರಮ ಇದು. ನಡೆಸುವುದು ಒಂದು ಸಂಸ್ಥೆ. ಅದರ ಕಾರ್ಯದರ್ಶಿಯನ್ನು ಎಲ್ಲರೂ ಅಮ್ಮ ಎನ್ನುತ್ತಾರೆ. ಕೆಲಸ ಕೊಡುವುದು ಲಾಂಡ್ರಿಯ ಯಜಮಾನರು. ಹಣ ಕೊಟ್ಟು ಬೆನ್ನಿಗೆ ನಿಂತಿರುವುದು ದೂರದ ಒಂದು ಟ್ರಸ್ಟ್. ಆ ಟ್ರಸ್ಟಿನವರೇ ಅವಳನ್ನು ಕಳಿಸಿದ್ದು. ಹಾಸ್ಟೆಲಿನ ಅತಿಥಿ ಕೋಣೆಯಲ್ಲಿ ಉಳಿದು, ಒಬ್ಬೊಬ್ಬಳನ್ನೂ ಪ್ರತ್ಯೇಕ ಕೂರಿಸಿಕೊಂಡು ಕೇಳಿದ್ದಳು. ಅದಕ್ಕೇ ಪ್ರಶ್ನೆಯಕ್ಕ ಎಂಬ ಹೆಸರು ಬಿತ್ತು.

ಪೂರ್ತಿ ವರದಿಗೆ ಇನ್ನೂ ತಿಂಗಳುಗಳು ಬೇಕಿದ್ದವು. ಆದರೆ ಕೇಳಿದ ಮಾತುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರಲು ಅವಳಿಂದ ಆಗಲಿಲ್ಲ. ವರದಿ ಅಚ್ಚಾಗುವಷ್ಟರಲ್ಲಿ ಇವರ ಬದುಕಿನ ಇನ್ನೊಂದು ವರ್ಷ ಕೊಚ್ಚಿಹೋಗಿರುತ್ತದೆ. ಈಗಲೇ ಹೇಳಿದರೆ ಈಗಲೇ ಸರಿಪಡಿಸಬಹುದು. ಹಾಗೆಂದು ಮೂರೂ ಕಡೆಯವರನ್ನು ಕರೆದಿದ್ದಳು. ಅಮ್ಮ, ಯಜಮಾನರು, ಟ್ರಸ್ಟಿನ ಅಧಿಕಾರಿ. ಯಾರ ಹೆಸರನ್ನೂ ಎತ್ತದೆ, ಕೇಳಿದ ಮಾತುಗಳನ್ನಷ್ಟೇ ಹೇಳಿದ್ದಳು.

"ಏನು ಹೇಳಿದ್ರಿ?"

"ಕಲಿಕೆ ಮುಗಿದ್ರೂ ಯಾರನ್ನೂ ಹೊರಗೆ ಕಳಿಸ್ತಿಲ್ಲ, ಏನಾದ್ರೂ ನೆಪ ಹೇಳಿ ಇಟ್ಕೋತಾರೆ ಅಂದೆ. ಒಬ್ಬಳ ಮಾತು ಅವಳ ಬಾಯಲ್ಲೇ ಹೇಳಿದೆ. 'ಅಕ್ಕನ ಹೆರಿಗೆಗೆ ಹೋಗಿಬರ್ತೀನಿ ಅಂದ್ರೂ ಬಿಡಲಿಲ್ಲ. ಇಲ್ಲಿ ಬಾಗಿಲಿರೋದು ಒಳಗೆ ಬರೋಕೆ ಮಾತ್ರ' ಅಂತ."

"ಆಮೇಲೆ?"

"ಯಜಮಾನರು ಮೇಜು ಗುದ್ದಿದ್ರು. ಯಾರು ಹೇಳಿದ್ದು, ಹೆಸರು ಹೇಳಿ, ಎದುರಿಗೇ ಕೇಳ್ತೀನಿ ಅಂದ್ರು. ಅಮ್ಮ ಸಮಾಧಾನ ಮಾಡಿದ್ರು. ಹೆಸರು ಕೇಳಬಾರದು, ಮಕ್ಕಳು ನಂಬಿ ಹೇಳಿರ್ತಾರೆ ಅಂದ್ರು. ಟ್ರಸ್ಟಿನವರು ಸಂಜೆ ರೈಲಿಗೆ ಹೋದ್ರು."

"ಆ ಹೆರಿಗೆ ಮಾತು ಹೇಳಿದ್ದು ಗುಂಗುರುನಾ?"

"ಹೇಳೋ ಹಾಗಿಲ್ಲ."

"ಹೌದು ಅನ್ನಿ, ಇಲ್ಲ ಅನ್ನಿ."

"ಎರಡೂ ಆಗಲ್ಲ ಸಾರ್. ಒಬ್ಬಳನ್ನ ಅಲ್ಲ ಅಂದ್ರೆ ಉಳಿದವರ ಕಡೆ ಬೆರಳು ತೋರಿಸಿದ ಹಾಗೆ. ಯಾರ ಹೆಸರೂ ನನ್ನ ಬಾಯಿಂದ ಬರಲ್ಲ ಅಂತ ಮಾತು ಕೊಟ್ಟಿದ್ದೀನಿ."

ಇನ್ಸ್‌ಪೆಕ್ಟರು ಮೊದಲ ಸಲ ಅವಳ ಮುಖ ನೋಡಿದರು.

"ಒಬ್ಬಳು ಬೆಂದು ಮಲಗಿದ್ದಾಳೆ ಮೇಡಂ. ನಿಮ್ಮ ಮಾತು ನಿಮಗೆ ದೊಡ್ಡದಾ? ಇರಲಿ. ಬಾಯಿ ಬರೋವರೆಗೂ ಇಲ್ಲೇ ಇರಿ. ಕಾಂಪೌಂಡ್ ದಾಟಬೇಡಿ."

* * *

ಸಂಜೆಯ ಹೊತ್ತಿಗೆ ಇನ್ಸ್‌ಪೆಕ್ಟರಿಗೆ ಆಸಾಮಿ ಸಿಕ್ಕ ಹಾಗಾಯಿತು.

"ನಾನು ಮನೇಲೇ ಇದ್ದೆ," ಎಂದಿದ್ದರು ಯಜಮಾನರು. ಇನ್ಸ್‌ಪೆಕ್ಟರು ಅವರೆದುರಿಗೇ ಅವರ ಹೆಂಡತಿಗೆ ಫೋನು ಹಚ್ಚಿದರು. "ಬೆಳಿಗ್ಗೇನೇ ಹೊರಟ್ರಲ್ಲ, ಲಾಂಡ್ರೀಲಿ ಕೆಲಸ ಇದೆ ಅಂತ?" ಎಂದಳು ಆಕೆ. ಯಜಮಾನರ ಮುಖ ಸುಣ್ಣ ಬಳಿದಂತಾಯಿತು. ಎಲ್ಲಿದ್ದಿರಿ ಎಂದರೆ ಮಾತು ತೇಲಿಸಿದರು. ಹಿಂದಿನ ವಾರ ಒಂದು ಗಾಡಿ ಬಟ್ಟೆ ಸುಟ್ಟಿತೆಂದು ಎಲ್ಲರೆದುರು ಗುಂಗುರುವನ್ನು ಬಾಯಿಗೆ ಬಂದಂತೆ ಬೈದದ್ದೂ ಹೊರಬಿತ್ತು. ಯಜಮಾನರನ್ನು ಜೀಪು ಹತ್ತಿಸಿಕೊಂಡು ಹೋದರು.

ವಾರ್ಡನಮ್ಮ ಮಾತ್ರ ಒಂದೇ ಮಾತಿಗೆ ಅಂಟಿಕೊಂಡಿದ್ದಳು. "ಮಧ್ಯಾಹ್ನ ಊಟಕ್ಕೆ ಎಣಿಸಿದಾಗ ಎಲ್ರೂ ಇದ್ರು ಸಾರ್. ಆಮೇಲೆ ಅವಳು ಹೇಗೆ ಹೊರಗೆ ಹೋದ್ಲೋ ದೇವರಿಗೇ ಗೊತ್ತು."

ಅಮ್ಮ ಆಗಲೇ ಆಸ್ಪತ್ರೆಗೆ ಹೊರಟು ನಿಂತಿದ್ದರು. ನೆರೆತ ಕೂದಲು ಕೆದರಿ, ಕಣ್ಣು ಕೆಂಪಾಗಿತ್ತು. "ಆ ಮಗುಗೆ ಯಾರಿದ್ದಾರೆ? ಎಚ್ಚರಾದಾಗ ಪಕ್ಕದಲ್ಲಿ ನಾನಿರಬೇಕು," ಎಂದು ಪ್ರಶ್ನೆಯಕ್ಕನ ಕೆನ್ನೆ ಸವರಿದರು. "ನೀವೂ ಹೊರಗೆಲ್ಲೂ ಹೋಗ್ಬೇಡಿ ತಾಯಿ. ಕಾಲ ಸರಿಯಿಲ್ಲ."

ಅವರ ಹಿಂದೆ ವಾರ್ಡನಮ್ಮ ಗ್ರಿಲ್ಲು ಎಳೆದು ಬೀಗ ಹಾಕಿದಳು. ಪ್ರಶ್ನೆಯಕ್ಕನಿಗೆ ಆಗ ನೆನಪಾಯಿತು. ಹಾಸ್ಟೆಲಿನ ನಿಯಮದಂತೆ ಅವಳ ಮೊಬೈಲು ಅಮ್ಮನ ಆಫೀಸಿನ ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ಅಮ್ಮನ ಚೀಲದಲ್ಲಿತ್ತು.

ಇಷ್ಟು ದಿನ ಈ ಗ್ರಿಲ್ಲಿನ ಬಗ್ಗೆ ಹೆಂಗಸರು ಹೇಳಿದ್ದನ್ನು ಅವಳು ಕೇಳಿದ್ದಳು. ಈಗ ಅದರ ಒಳಗಡೆಯಿಂದ ರಸ್ತೆ ನೋಡಿದಳು. ಬಸ್ಸು ಹೋಗುತ್ತಿತ್ತು. ಒಬ್ಬಾತ ಸೈಕಲ್ಲಿಗೆ ಗಾಳಿ ಹೊಡೆಸುತ್ತಿದ್ದ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಏನೆಂದು ಕೂಗುವುದು?

ಹೊಲಿಗೆ ಕೋಣೆಯಲ್ಲಿ ಗುಂಡಿಯಕ್ಕ ಒಬ್ಬಳೇ ಇದ್ದಳು. ಸೂಜಿಗೆ ದಾರ ಪೋಣಿಸಲು ಹೋಗಿ ಹೋಗಿ ಸೋಲುತ್ತಿದ್ದಳು.

"ನನ್ನ ಮಾತಿಗೇ ತಾನೆ ಇದೆಲ್ಲ?" ಗುಂಡಿಯಕ್ಕ ಕೇಳಿದಳು.

"ಮೆಲ್ಲಗೆ ಮಾತಾಡು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಅಕ್ಕಾ. ಹೇಳಿದ್ದು ನಾನು, ಬೆಂದಿದ್ದು ಅವಳು. ನಾನೇ ಪೊಲೀಸರಿಗೆ ಹೇಳಿಬಿಡ್ತೀನಿ."

"ಬೇಡ. ಯಜಮಾನ್ರೇ ಮಾಡಿದ್ದು ಅಂತ ಖಾತ್ರಿಯಿಲ್ಲ. ಮಾಡಿದವರು ಇನ್ನೂ ಹೊರಗಿದ್ರೆ? ನಾಳೆ ಆ ಕೋಣೇಲಿ ನೀನಿರ್ತೀಯ."

"ಹಾಗಂತ ಬಾಯಿ ಹೊಲ್ಕೊಂಡು ಕೂರ್ಲಾ?"

ಪ್ರಶ್ನೆಯಕ್ಕ ಅವಳ ಕೈಯಿಂದ ಸೂಜಿ ತೆಗೆದುಕೊಂಡಳು. ದಾರ ಅವಳಿಗೂ ತೂರಲಿಲ್ಲ.

"ಕೇಳು. ನಿನ್ನ ಮಾತನ್ನ ನಾನು ಇದ್ದ ಹಾಗೇ ಹೇಳ್ಲಿಲ್ಲ. ತಮ್ಮನ ಮದುವೆಗೆ ಬಿಡಲಿಲ್ಲ ಅಂತ ನೀನು ಹೇಳಿದ್ದೆ. ನಿನ್ನ ತಮ್ಮನ ಸುದ್ದಿ ಇಲ್ಲಿ ಎಲ್ರಿಗೂ ಗೊತ್ತು, ತಕ್ಷಣ ಗುರುತು ಹಿಡೀತಾರೆ. ಅದಕ್ಕೆ ಅಕ್ಕನ ಹೆರಿಗೆ ಅಂತ ಬದಲಾಯಿಸಿದೆ. ಇಲ್ಲಿ ಯಾರಿಗೂ ಹೊಂದದ ಮಾತು ಅಂತ ನೋಡೀನೇ ಆರಿಸಿದ್ದು."

"ಮತ್ತೆ ಗುಂಗುರು ಯಾಕೆ? ಅವಳಿಗೆ ಅಕ್ಕಾನೂ ಇಲ್ಲ, ತಂಗೀನೂ ಇಲ್ಲ. ಯಾರೂ ಇಲ್ಲ ಅಂತ ಅವಳೇ ಹೇಳ್ತಿದ್ಲು."

ಹೌದು. ಪ್ರಶ್ನೆಯಕ್ಕನಿಗೂ ಅದೇ ಹೊಳೆದದ್ದು. ಗುಂಗುರುವನ್ನು ಕೂರಿಸಿಕೊಂಡಾಗ ಅವಳು ತುಟಿಯೇ ಬಿಚ್ಚಿರಲಿಲ್ಲ. ಕೇಳಿದ್ದಕ್ಕೆಲ್ಲ ಕಿಟಕಿ ನೋಡಿದ್ದಳು. ಆ ಮಾತು ಅವಳದಲ್ಲ, ಅವಳದಿರಬಹುದೆಂದು ಯಾರಿಗೂ ಅನ್ನಿಸಲು ಸಾಧ್ಯವಿಲ್ಲ. ಹಾಗಾದರೆ ಮೀಟಿಂಗಿಗೂ ಒಣಗಿಸುವ ಕೋಣೆಗೂ ಸಂಬಂಧವಿಲ್ಲ. ಸುಟ್ಟ ಬಟ್ಟೆಯ ಸಿಟ್ಟಿಗೆ ಯಜಮಾನರು ಮಾಡಿದ್ದಿರಬೇಕು.

ಅವಳಿಗೆ ಎದೆಯಿಂದ ಕಲ್ಲು ಇಳಿದಂತಾಯಿತು. ಮರುಕ್ಷಣವೇ ಆ ನೆಮ್ಮದಿಗೆ ನಾಚಿಕೆಯಾಯಿತು.

* * *

ಮರುದಿನ ಬೆಳಿಗ್ಗೆ ಗ್ರಿಲ್ಲಿನ ಹೊರಗೆ ಒಬ್ಬಳು ಹೆಂಗಸು ನಿಂತಿದ್ದಳು. ಬಟ್ಟೆಯಲ್ಲಿ ಸುತ್ತಿದ ಹಸುಗೂಸು ತೋಳಲ್ಲಿತ್ತು.

"ಇಲ್ಲಿ ನನ್ನ ತಂಗಿ ಇದ್ದಾಳೆ. ಕರೀತೀರಾ?"

ಹೆಸರು ಕೇಳಬೇಕಾಗಿರಲಿಲ್ಲ. ಅದೇ ಸುರುಳಿ ಕೂದಲು. ಅದೇ ಹಣೆ. ಪ್ರಶ್ನೆಯಕ್ಕ ಗ್ರಿಲ್ಲಿನ ಸರಳು ಹಿಡಿದಳು.

"ನೀವು ಗುಂಗುರು ಅಕ್ಕನಾ? ಅವಳಿಗೆ ಯಾರೂ ಇಲ್ಲ ಅಂತ..."

"ಹಾಗೆ ಅಂದ್ಕೊಂಡಿರ್ತಾಳೆ. ಅಪ್ಪ ಬೇಡ ಅಂದವರನ್ನ ಮದುವೆಯಾದೆ. ಮನೆ ಬಾಗಿಲು ಮುಚ್ಚಿದ್ರು. ಅಪ್ಪ ಹೋದ್ಮೇಲೆ ಇವಳು ಎಲ್ಲಿ ಹೋದ್ಲೋ ಗೊತ್ತಾಗಲಿಲ್ಲ. ಎಷ್ಟೋ ವರ್ಷ ಹುಡುಕಿದೆ. ಕೊನೆಗೆ ಈ ಜಾಗದ ಫೋನ್ ನಂಬರ್ ಸಿಕ್ತು. ಹೆರಿಗೆಗೆ ಮುಂಚೆ ಮಾಡಿದ್ದೆ. ನನಗೆ ಬೇರೆ ಯಾರಿದ್ದಾರೆ, ಜೊತೆಗಿರೋಕೆ ಕಳಿಸಿಕೊಡಿ ಅಂದೆ."

"ಯಾರು ಮಾತಾಡಿದ್ರು?"

"ತುಂಬಾ ಮೆತ್ತಗಿನ ದನಿ. 'ನಾನು ಇಲ್ಲಿ ಎಲ್ಲರ ಅಮ್ಮ, ಹೇಳ್ತೀನಿ ಮಗಳೇ' ಅಂದ್ರು. ಮತ್ತೆ ಮಾಡಿದಾಗ, 'ನಿನ್ನ ತಂಗಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲವಂತೆ' ಅಂದ್ರು." ಹೆಂಗಸು ಮಗುವಿಗೆ ಸುತ್ತಿದ ಬಟ್ಟೆ ಸರಿಪಡಿಸಿದಳು. "ಹಾಗಂತ ಅವಳ ಬಾಯಿಂದಲೇ ಕೇಳೋಣ ಅಂತ ಬಂದೆ. ಮಗುನ್ನಾದ್ರೂ ನೋಡ್ತಾಳೇನೋ."

ಪ್ರಶ್ನೆಯಕ್ಕ ಮಗುವನ್ನು ನೋಡಿದಳು.

ಅಕ್ಕನ ಹೆರಿಗೆ. ಯಾರಿಗೂ ಹೊಂದದ ಮಾತೆಂದು ಆರಿಸಿದ್ದಳು. ಒಬ್ಬಳಿಗೆ ಹೊಂದಿತ್ತು. ಅದು ಆ ಒಬ್ಬಳಿಗೇ ಗೊತ್ತಿರಲಿಲ್ಲ.

ಅವಳು ತಿರುಗಿದಳು. "ವಾರ್ಡನಮ್ಮಾ, ಅಮ್ಮ ಎಲ್ಲಿ?"

"ಆಸ್ಪತ್ರೇಲಿ. ನಿನ್ನೆಯಿಂದ ಗುಂಗುರು ಪಕ್ಕ ಬಿಟ್ಟು ಎದ್ದಿಲ್ಲ. ಎಂಥಾ ತಾಯಿ!"

"ಬೀಗ ತೆಗೀರಿ."

"ಆಗಲ್ಲ. ಅಮ್ಮ ಬರೋವರೆಗೆ ಯಾರನ್ನೂ ಬಿಡಬಾರದು ಅಂದಿದ್ದಾರೆ. ಪೊಲೀಸರೂ ಅಂದಿದ್ದಾರೆ."

"ತೆಗೀರಿ ಅಂದ್ರೆ!"

ವಾರ್ಡನಮ್ಮ ಸೊಂಟದ ಕೀಲಿಗೊಂಚಲು ಗಟ್ಟಿಯಾಗಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಪ್ರಶ್ನೆಯಕ್ಕ ಸರಳಿನ ನಡುವೆ ಕೈ ಹೊರಗೆ ಚಾಚಿದಳು.

"ನಿಮ್ಮ ಫೋನ್ ಕೊಡಿ."

"ಏನಾಗಿದೆ ನನ್ನ ತಂಗಿಗೆ?"

"ಜೀವಂತವಾಗಿದ್ದಾಳೆ. ಮೊದಲು ಫೋನ್ ಕೊಡಿ."

ಠಾಣೆಯಲ್ಲಿ ಇನ್ಸ್‌ಪೆಕ್ಟರು ಇರಲಿಲ್ಲ. "ಅವರಿಗೆ ತಿಳಿಸಿ," ಎಂದಳು ಪ್ರಶ್ನೆಯಕ್ಕ. "ಅವರು ಕೇಳಿದ್ದ ಹೆಸರು ಸಿಕ್ಕಿದೆ. ನೇರ ಆಸ್ಪತ್ರೆಗೆ ಬರಬೇಕು. ಈಗಲೇ."

ಫೋನು ವಾಪಸ್ಸು ಕೊಟ್ಟು ವಾರ್ಡನಮ್ಮನ ಕಡೆ ನಡೆದಳು. ದನಿ ತಗ್ಗಿಸಿದಳು.

"ಮೊನ್ನೆ ಮೊನ್ನೆಯವರೆಗೂ ನಿಮ್ಮ ತಲೆಗೆ ಎಣ್ಣೆ ಒತ್ತುತ್ತಿದ್ಲು ಗುಂಗುರು. ನಾನು ನೋಡಿದ್ದೀನಿ. ರಜಾ ದಿನ ಊಟಕ್ಕೆ ಎಣಿಸಿದಾಗ ಅವಳು ನಿಜವಾಗ್ಲೂ ಇದ್ಲಾ?"

ವಾರ್ಡನಮ್ಮ ಕೀಲಿಗೊಂಚಲನ್ನು ಸೆರಗಿನಡಿ ಮುಚ್ಚಿಕೊಂಡಳು.

"ಇರಲಿಲ್ಲ ಅಲ್ವಾ? ಇದ್ದಾಳೆ ಅಂತ ಲೆಕ್ಕ ಹಿಡೀರಿ ಅಂತ ಯಾರು ಹೇಳಿದ್ರು?"

ವಾರ್ಡನಮ್ಮ ಗ್ರಿಲ್ಲಿನಾಚೆಯ ಹೆಂಗಸಿನ ಕಡೆ ನೋಡಿದಳು. "'ನನ್ನ ರೂಮಲ್ಲಿದ್ದಾಳೆ, ಬುದ್ಧಿ ಹೇಳ್ತಿದ್ದೀನಿ' ಅಂದ್ರು ಅಮ್ಮ. ಆಮೇಲೆ... ಪೊಲೀಸರಿಗೆ ಹೇಳ್ಬೇಡ, ಸುಮ್ನೆ ಸಂಸ್ಥೆ ಹೆಸರು ಕೆಡುತ್ತೆ ಅಂದ್ರು. ಅಮ್ಮ ಅಂಥವರಲ್ಲ ಮೇಡಂ. ನನಗೂ ದಿಕ್ಕಿಲ್ಲದಾಗ ಅವರೇ..."

"ಅವಳಿಗೆ ಎಚ್ಚರಾದ್ರೆ ಏನು ಹೇಳ್ತಾಳೆ ಅನ್ನೋದು ಅವರಿಗೊಬ್ಬರಿಗೇ ಗೊತ್ತು. ಅವರೊಬ್ಬರೇ ಅವಳ ಪಕ್ಕದಲ್ಲಿದ್ದಾರೆ."

ವಾರ್ಡನಮ್ಮ ಕೀಲಿಯನ್ನು ಬೀಗಕ್ಕೆ ಹಾಕಿದಳು. ಕೊನೆಗೆ ತಿರುಗಿತು.

* * *

ವಾರ್ಡಿನ ಬಾಗಿಲಲ್ಲಿ ಮಹಿಳಾ ಪೇದೆ ಕೂತಿದ್ದಳು. "ಒಳಗೆ ತಾಯಿ ಇದ್ದಾರಲ್ಲ," ಎಂದಳು, ಏನೂ ಭಯವಿಲ್ಲ ಎನ್ನುವಂತೆ.

ಅಮ್ಮ ಮಂಚಕ್ಕೆ ಒತ್ತಿ ಕೂತಿದ್ದರು. ಗುಂಗುರುವಿನ ಪಟ್ಟಿ ಕಟ್ಟಿದ ಕೈ ಅವರ ಎರಡೂ ಅಂಗೈಗಳ ನಡುವೆ ಇತ್ತು. ಅವಳ ರೆಪ್ಪೆ ಆಗಾಗ ಅದುರುತ್ತಿತ್ತು. ಒಂದು ಸಲ ಕೈ ಬಿಡಿಸಿಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ. ಅವಳ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಲೇ ಇದ್ದರು, ಲಾಲಿ ಹಾಡಿನ ಹಾಗೆ.

ಇನ್ಸ್‌ಪೆಕ್ಟರು ಏದುಸಿರು ಬಿಡುತ್ತ ಬಂದರು. "ಎಲ್ಲಿ ಹೆಸರು?"

ಪ್ರಶ್ನೆಯಕ್ಕ ಒಂದು ಕ್ಷಣ ತಡೆಯುವಂತೆ ಕೈ ತೋರಿಸಿದಳು. "ಅಮ್ಮಾ, ಒಂದು ಪ್ರಶ್ನೆ. ಗುಂಗುರುಗೆ ಬಂಧು ಬಳಗ ಯಾರಾದ್ರೂ ಇದ್ದಾರಾ? ಸುದ್ದಿ ಮುಟ್ಟಿಸಬೇಕಿತ್ತು."

"ಯಾರೂ ಇಲ್ಲ ತಾಯಿ. ನನ್ನ ಬಿಟ್ರೆ ಯಾರಿದ್ದಾರೆ?"

ಬಾಗಿಲಲ್ಲಿ ಮಗು ಅತ್ತಿತು. ಸುರುಳಿ ಕೂದಲಿನ ಹೆಂಗಸು ಒಳಗೆ ಬಂದಳು. ಮಂಚ ನೋಡಿದವಳೇ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಇದೇ ದನಿ," ಎಂದಳು. "ಫೋನಲ್ಲಿ ಮಾತಾಡಿದ್ದು ಇವರೇ."

ಅಮ್ಮನ ಅಂಗೈಗಳು ಬಿಚ್ಚಿಕೊಂಡವು. ಗುಂಗುರುವಿನ ಕೈ ಹಾಸಿಗೆಯ ಮೇಲೆ ಬಿತ್ತು.

"ಸಾರ್," ಎಂದಳು ಪ್ರಶ್ನೆಯಕ್ಕ. "ಆ ಹೆರಿ‍ಗೆ ಮಾತು ಯಾರು ಹೇಳಿದ್ದು ಅಂತ ಕೇಳಿದ್ರಲ್ಲ. ಯಾರೂ ಹೇಳಿಲ್ಲ. ಅದನ್ನ ಕಟ್ಟಿದ್ದು ನಾನು. ಬೇರೆ ಒಬ್ಬಳ ನೋವಿಗೆ ಗುರುತು ಸಿಗದ ಹಾಗೆ ಬೇರೆ ಅಂಗಿ ತೊಡಿಸಿದ್ದೆ. ಹಾಸ್ಟೆಲಲ್ಲಿ ಯಾರ ಅಕ್ಕನೂ ಬಸುರಿ ಇರಲಿಲ್ಲ. ಆ ಮಾತು ಕೇಳಿ ಗುಂಗುರು ನೆನಪಾಗೋಕೆ ಸಾಧ್ಯವೇ ಇರಲಿಲ್ಲ. ಅವಳಿಗೆ ಅಕ್ಕ ಇರೋದೇ ಯಾರಿಗೂ ಗೊತ್ತಿಲ್ಲ. ಯಜಮಾನರಿಗೆ ಅವಳ ಊರೂ ಗೊತ್ತಿಲ್ಲ. ವಾರ್ಡನಮ್ಮನಿಗೂ ಗೊತ್ತಿಲ್ಲ. ಅಕ್ಕ ಬದುಕಿದ್ದಾಳೆ, ಹೆರಿಗೆ ಅಂತ ಗುಂಗುರುಗೇ ಗೊತ್ತಿಲ್ಲ. ಫೋನ್ ಎತ್ತಿಕೊಂಡು ಸುದ್ದಿ ಮುಚ್ಚಿಟ್ಟವರಿಗೆ ಮಾತ್ರ ಗೊತ್ತು. ಅವರು ಮೀಟಿಂಗಲ್ಲಿ ನನ್ನ ಎದುರಿಗೇ ಕೂತಿದ್ರು. ಹೆಸರು ಕೇಳಬಾರದು ಅಂದವರೂ ಅವರೇ. ಅವರಿಗೆ ಹೆಸರು ಬೇಕಾಗಿರಲಿಲ್ಲ. ಆಗಲೇ ಸಿಕ್ಕಿತು, ಗುಂಗುರುನೇ ಅಂದ್ಕೊಂಡಿದ್ರು."

"ಕೀಲಿ?" ಎಂದರು ಇನ್ಸ್‌ಪೆಕ್ಟರು.

"ಅವರದೇ ಆಫೀಸಿನ ಮೊಳೆಯಲ್ಲಿತ್ತು. ಊಟಕ್ಕೆ ಗುಂಗುರು ಇರಲಿಲ್ಲ ಅಂತ ವಾರ್ಡನಮ್ಮ ಹೇಳ್ತಾರೆ, ಕೇಳಿ."

ಜೊತೆಗೆ ಬಂದಿದ್ದ ವಾರ್ಡನಮ್ಮ ಗೋಡೆಗೆ ಒರಗಿ ನಿಂತಿದ್ದಳು. ತಲೆ ಎತ್ತದೆ ಹೇಳಿದಳು, "ಕ್ಷಮಿಸಿ ಅಮ್ಮಾ. ಇರಲಿಲ್ಲ ಸಾರ್."

ಅಮ್ಮ ಅಳಲಿಲ್ಲ, ಕೂಗಲಿಲ್ಲ. ತುಂಬ ದಣಿದವರ ಹಾಗೆ ಕಣ್ಣು ಒತ್ತಿಕೊಂಡರು.

"ಕೇಳೋಕೆ ಅಂತ ಕರ್ಕೊಂಡು ಹೋದೆ, ಅಷ್ಟೆ," ಎಂದರು. "ಅಕ್ಕನ ವಿಷಯ ನಿನಗೆ ಯಾರು ಹೇಳಿದ್ರು ಅಂತ ಕೇಳಿದೆ. ಅವಳು ನನ್ನನ್ನೇ ನೋಡಿದ್ಲು. 'ನನ್ನ ಅಕ್ಕ ಇದ್ದಾಳಾ? ಎಲ್ಲಿದ್ದಾಳೆ?' ಅಂದ್ಲು. ಆಗ ಗೊತ್ತಾಯ್ತು, ನನ್ನ ಬಾಯಿಂದ ನಾನೇ ಹೇಳಿಬಿಟ್ಟೆ ಅಂತ. ತೋಳು ಹಿಡ್ಕೊಂಡು ಬಿಡಲೇ ಇಲ್ಲ. ತಳ್ಳಿ ಬಾಗಿಲು ಹಾಕಿದೆ. ಯೋಚನೆ ಮಾಡೋಕೆ ಸ್ವಲ್ಪ ಹೊತ್ತು ಬೇಕಿತ್ತು."

"ಸ್ವಿಚ್ಚು?"

"ಕೂಗ್ತಿದ್ಲು. ಯಂತ್ರದ ಸದ್ದಿಗೆ ಕೇಳಿಸಲ್ಲ ಅಂತ ಹಾಕಿದೆ."

"ಆಮೇಲೆ ಆರಿಸಲಿಲ್ಲ."

ಅಮ್ಮ ಗುಂಗುರುವಿನ ಹೊದಿಕೆ ಸರಿಪಡಿಸಿದರು.

"ಯಾಕಮ್ಮಾ?" ಪ್ರಶ್ನೆಯಕ್ಕ ಕೇಳಿದಳು. "ಒಂದು ಫೋನಿನ ಸುದ್ದಿ ಹೇಳಿದ್ರೆ ಏನು ಹೋಗ್ತಿತ್ತು?"

"ಹೋಗ್ತಿದ್ಲು!" ಅಮ್ಮ ಮೊದಲ ಸಲ ದನಿ ಏರಿಸಿದರು. "ಅವಳು ಹೋಗ್ತಾಳೆ, ನಾಳೆ ಇನ್ನೊಬ್ಬಳು. ಹೊರಗೆ ಏನಿದೆ ಅವರಿಗೆ? ಬೀದಿಯಿಂದ ಎತ್ತಿ ತಂದು ಅನ್ನ ಹಾಕಿದವಳು ನಾನು. ನೀವು ನಾಲ್ಕು ದಿನ ಪ್ರಶ್ನೆ ಕೇಳಿ ಹೋಗೋರು. ಖಾಲಿ ಹಾಸ್ಟೆಲ್ ನೋಡಿದ್ರೆ ಟ್ರಸ್ಟಿನವರು ಬಾಗಿಲು ಹಾಕಿಸ್ತಾರೆ. ಆಮೇಲೆ ನಾನು ಯಾರ ಅಮ್ಮ?"

ಇನ್ಸ್‌ಪೆಕ್ಟರು ಮಹಿಳಾ ಪೇದೆಗೆ ಕಣ್ಣು ಮಾಡಿದರು.

ಹೊರಡುವ ಮುನ್ನ ಅವರು ಪ್ರಶ್ನೆಯಕ್ಕನ ಬಳಿ ನಿಂತರು. "ಯಜಮಾನರು ಎಲ್ಲಿದ್ರು ಗೊತ್ತಾ? ಹೆಂಡತಿಗೂ ಹೇಳದೆ ಲಾಂಡ್ರಿ ಮಾರೋಕೆ ಗಿರಾಕಿ ಹತ್ರ ಹೋಗಿದ್ರಂತೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಎಲ್ಲಾ ಕಡೆ ಇರ್ತಾರೆ." ಸ್ವಲ್ಪ ತಡೆದು, "ಆ ನಿಜವಾದ ಹೆಸರು ಕೊನೆಗೂ ಹೇಳಲಿಲ್ಲ ನೀವು," ಎಂದರು.

"ಬೇಕಾಗಲಿಲ್ಲವಲ್ಲ ಸಾರ್."

* * *

ಗುಂಗುರು ಎದ್ದು ಕೂರುವಂತಾದ ಮೇಲೆ ಪ್ರಶ್ನೆಯಕ್ಕ ಒಬ್ಬಳೇ ಅವಳ ಬಳಿ ಹೋದಳು. ಅಕ್ಕ ಮಗುವಿಗೆ ಹಾಲೂಡಿಸಲು ಆಚೆ ಹೋಗಿದ್ದಳು.

ಹಾಸ್ಟೆಲಿನ ಗ್ರಿಲ್ಲಿಗೆ ಈಗ ಬೀಗವಿರಲಿಲ್ಲ. ಮೂವರು ಹೊರಟುಹೋಗಿದ್ದರು. ಉಳಿದವರು ತೆರೆದ ಬಾಗಿಲ ಬಳಿ ಬಂದು ನಿಂತು, ರಸ್ತೆ ನೋಡಿ, ಮತ್ತೆ ಒಳಗೆ ಹೋಗುತ್ತಿದ್ದರು. ಎಲ್ಲಿಗೆಂದು ಹೋಗುವುದು? ಟ್ರಸ್ಟಿನವರು ಇನ್ನೊಂದು ಮೀಟಿಂಗು ಕರೆದಿದ್ದರು. ಹೇಳಬೇಕಾದ್ದನ್ನು ಮೊದಲು ಈ ಹೆಂಗಸರ ಎದುರು ಓದಿ, ಅವರು ಒಪ್ಪಿದ್ದನ್ನಷ್ಟೇ ಹೊರಗೆ ಹೇಳುತ್ತೇನೆ ಎಂದು ಪ್ರಶ್ನೆಯಕ್ಕ ಪಟ್ಟು ಹಿಡಿದಿದ್ದಳು.

ಗುಂಗುರುವಿಗೆ ಅವಳು ಸುತ್ತಿ ಬಳಸದೆ ಹೇಳಿದಳು. ಬದಲಿಸಿದ ಮಾತು, ಬದಲಿಸಿದ ಕಾರಣ, ಅದು ಹೋಗಿ ಯಾರಿಗೆ ತಗುಲಿತು ಎನ್ನುವುದು. "ಒಬ್ಬಳನ್ನ ಉಳಿಸೋಕೆ ಹೋಗಿ ನಿನ್ನನ್ನ ಬೆಂಕಿಗೆ ತಳ್ಳಿದೆ. ಗೊತ್ತಿದ್ದು ಮಾಡಿದ್ದಲ್ಲ. ಆದ್ರೆ ಮಾಡಿದ್ದು ನಾನೇ."

ಗುಂಗುರು ಎಂದಿನಂತೆ ಕಿಟಕಿ ನೋಡಿದಳು. ಇನ್ನೂ ಮಾಯದ ಗಂಟಲಿನಿಂದ ಕೇಳಿದಳು.

"ಯಾರ ಮಾತು ಅದು?"

ಪ್ರಶ್ನೆಯಕ್ಕ ಕಣ್ಣು ಮುಚ್ಚಿಕೊಂಡಳು. ಇನ್ಸ್‌ಪೆಕ್ಟರಿಗೆ ಇಲ್ಲವೆನ್ನುವುದು ಸುಲಭವಿತ್ತು. ಈ ಮುರಿದ ಉಗುರುಗಳಿಗೆ ಹೇಗೆ ಇಲ್ಲವೆನ್ನುವುದು? ಕೇಳುವ ಹಕ್ಕು ಇವಳಿಗಿಲ್ಲದಿದ್ದರೆ ಇನ್ನಾರಿಗಿದೆ? ಆದರೆ ಕೊಟ್ಟ ಮಾತು ಯಾರು ಕೇಳಿದರೂ ಮಾತೇ.

"ಹೇಳೋ ಹಾಗಿಲ್ಲ ಗುಂಗುರು."

"ನನಗೂ?"

"ನಿನಗೂ."

ಗುಂಗುರು ಮುಖ ತಿರುಗಿಸಿದಳು. ಪ್ರಶ್ನೆಯಕ್ಕ ಏಳಲೂ ಆಗದೆ, ಕೂರಲೂ ಆಗದೆ, ಸ್ಟೂಲಿನ ಅಂಚು ಹಿಡಿದುಕೊಂಡಿದ್ದಳು.

"ನಂದು ಕಣೇ."

ಗುಂಡಿಯಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು. ಪುಟ್ಟ ಚೀಲವನ್ನು ಎದೆಗವಚಿಕೊಂಡಿದ್ದಳು.

"ತಮ್ಮನ ಮದುವೆಗೆ ಬಿಡಲಿಲ್ಲ ಅಂತ ಅತ್ಕೊಂಡು ಹೇಳಿದ್ದೆ. ಅದು ನಂದು. ಇವರನ್ನ ಬಿಡು. ಬೈಯೋದಿದ್ರೆ ನನ್ನ ಬೈ."

ಗುಂಗುರು ಅವಳನ್ನು ನೋಡಿದಳು. ಪಟ್ಟಿ ಕಟ್ಟಿದ ಕೈ ಊರಿ, ನೋವಿಗೆ ಹಲ್ಲು ಕಚ್ಚಿ, ಮಂಚದ ಮೇಲೆ ಕಾಲು ಸರಿಸಿ ಜಾಗ ಮಾಡಿದಳು.

"ಬೈತೀನಿ," ಎಂದಳು. "ಕೂತ್ಕೋ ಮೊದಲು."